ಬಿರುಗಾಳಿಯ ನಡುವೆ ರೊಟ್ಟಿ ಮುರಿದವನು

ಕೇಳುಗರೇ, ನಮಸ್ಕಾರ. ಅನಿಶ್ಚಿತ ಕಾಲದಲ್ಲಿ ಕ್ರೈಸ್ತ ನಂಬಿಕೆ ಮನುಷ್ಯನನ್ನು ಹೇಗೆ ನಿಲ್ಲಿಸುತ್ತೆ ಎಂದು ಮಾತಾಡಲು ಕರೆದಿದ್ದಾರೆ. ನಾನು ಯಾರನ್ನು ನೆನೆದು ಮಾತಾಡುತ್ತಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಉಳಿಯುತ್ತೋ ಹೋಗುತ್ತೋ ಗೊತ್ತಿಲ್ಲದವರು. ಆಸ್ಪತ್ರೆಯ ರಿಪೋರ್ಟಿಗೆ ಕಾಯುತ್ತಿರುವವರು. ನಡುರಾತ್ರಿ ನಿದ್ದೆ ಬಾರದೆ ಫೋನ್ ತೆಗೆದು ಯುದ್ಧದ ಸುದ್ದಿ, ಬೆಲೆಯ ಸುದ್ದಿ, ಮತ್ತೆ ಯುದ್ಧದ ಸುದ್ದಿ ಎಂದು ಬೆರಳು ಆಡಿಸುತ್ತಾ ಇರುವವರು. ಇವತ್ತಿನ ಮಾತು ನಿಮಗೆ.

ಸಭಾಪಾಲಕನಾದ ನನ್ನನ್ನು ಇಂಥವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಅಯ್ಯನವರೇ, ಮುಂದೆ ಏನಾಗುತ್ತೆ?"

ನನಗೆ ಗೊತ್ತಿಲ್ಲ. ಯಾವ ಅಯ್ಯನವರಿಗೂ ಗೊತ್ತಿಲ್ಲ. ಒಂದು ಕಡೆ ದಿನಪತ್ರಿಕೆ, ಇನ್ನೊಂದು ಕಡೆ ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆ ಇಟ್ಟುಕೊಂಡು ಲೋಕದ ಅಂತ್ಯಕ್ಕೆ ತಾರೀಖು ಹಾಕುವವರಿದ್ದಾರಲ್ಲ, ದಯವಿಟ್ಟು ಅವರ ಹಿಂದೆ ಹೋಗಬೇಡಿ. ಆ ದಿನವೂ ಗಳಿಗೆಯೂ ತಂದೆಗೆ ಮಾತ್ರ ಗೊತ್ತು, ಮಗನಿಗೂ ಗೊತ್ತಿಲ್ಲ ಎಂದು ಯೇಸು ಸ್ವಾಮಿಯೇ ಹೇಳಿದ್ದಾರೆ. ಸ್ವಾಮಿಗೇ ತಿಳಿಯದ್ದು ಇವರಿಗೆ ಎಲ್ಲಿಂದ ತಿಳಿಯಿತೋ!

ಕ್ರೈಸ್ತ ನಂಬಿಕೆ ಉತ್ತರ ಕೊಡುವುದು ಬೇರೆ ಒಂದು ಪ್ರಶ್ನೆಗೆ. ನಾನು ಯಾರವನು? ನಾನು ಯಾರವಳು? ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಇದಕ್ಕೆ ನನ್ನ ಹತ್ತಿರ ಒಂದು ಕಥೆ ಇದೆ, ಬೈಬಲಿನ ಒಂದು ಅಧ್ಯಾಯದ್ದು. ನಮ್ಮ ಸಭೆಯವರು ಇದನ್ನು ಕೇಳಿ ಕೇಳಿ ಸಾಕಾಗಿದ್ದಾರೆ. ನೀವು ಹೊಸಬರು, ಅಲ್ವಾ? ಕೇಳಿ.

ಸುಮಾರು ಕ್ರಿ.ಶ. 60ರ ಹೊತ್ತಿನ ಮಾತು. ಅಪೊಸ್ತಲ, ಅಂದರೆ ಯೇಸುವಿನ ಸುವಾರ್ತೆ ಸಾರಲು ಕಳುಹಿಸಲ್ಪಟ್ಟವನು, ಪೌಲ ಕೈದಿಯಾಗಿದ್ದಾನೆ. ರೋಮಿನಲ್ಲಿ ಚಕ್ರವರ್ತಿಯ ಮುಂದೆ ಅವನ ವಿಚಾರಣೆ ಆಗಬೇಕು. ಯೂಲ್ಯ ಎಂಬ ಶತಾಧಿಪತಿ ಅವನನ್ನೂ ಬೇರೆ ಕೆಲವು ಕೈದಿಗಳನ್ನೂ ಕರೆದುಕೊಂಡು ಹೊರಟಿದ್ದಾನೆ. ಅಲೆಕ್ಸಾಂಡ್ರಿಯಾದ ಹಡಗು, ಒಳಗೆ ಗೋಧಿ ಇದೆ, ಇಟಲಿಗೆ ಹೋಗಬೇಕು. ಕ್ರೇತ ದ್ವೀಪಕ್ಕೆ ಬರುವಷ್ಟರಲ್ಲಿ ಚಳಿಗಾಲ ಹತ್ತಿರವಾಗಿತ್ತು. ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುವ ಕಾಲವಲ್ಲ ಅದು. "ಮುಂದೆ ಹೋದರೆ ಹಡಗಿಗೂ ಸರಕಿಗೂ ಜೀವಕ್ಕೂ ನಷ್ಟ" ಎಂದ ಪೌಲ. ಕೈದಿಯ ಮಾತು ಯಾರು ಕೇಳುತ್ತಾರೆ? ಹಡಗಿನ ಯಜಮಾನನೂ ನಡೆಸುವವನೂ ಹೊರಡೋಣ ಅಂದರು. ತೆಂಕಣ ಗಾಳಿ ಮೆಲ್ಲನೆ ಬೀಸಿತು. ಎಲ್ಲಾ ಸರಿಹೋಯಿತು ಎಂದು ಲಂಗರು ಎತ್ತಿದರು. ಈ ಮೆಲ್ಲನೆ ಬೀಸುವ ಗಾಳಿಯ ಬಗ್ಗೆಯೇ ಒಂದು ದಿನ ಬೇರೆ ಮಾತಾಡಬಹುದು!

ಸ್ವಲ್ಪ ಹೊತ್ತಿಗೆ ಈಶಾನ್ಯದ ಬಿರುಗಾಳಿ ಹೊಡೆಯಿತು. ಹಲಗೆಗಳು ಬಿಚ್ಚಿಹೋಗದಂತೆ ಹಡಗಿನ ಒಡಲಿಗೆ ಕೆಳಗಿನಿಂದ ಹಗ್ಗ ಸುತ್ತಿ ಬಿಗಿದರು. ಮರುದಿನ ಸರಕು ನೀರಿಗೆ ಎಸೆದರು. ಮೂರನೆಯ ದಿನ ಹಡಗಿನ ಸಾಮಾನುಗಳನ್ನೇ ಕೈಯಾರೆ ಎಸೆದರು. ಬಹಳ ದಿನ ಸೂರ್ಯನೂ ಕಾಣಲಿಲ್ಲ, ನಕ್ಷತ್ರವೂ ಕಾಣಲಿಲ್ಲ. ಆಗ ದಿಕ್ಸೂಚಿ ಇರಲಿಲ್ಲ ಎಂಬುದು ನೆನಪಿರಲಿ. ನಕ್ಷತ್ರ ಕಾಣಲಿಲ್ಲ ಎಂದರೆ ಎಲ್ಲಿದ್ದೇವೆ, ಎತ್ತ ಹೋಗುತ್ತಿದ್ದೇವೆ, ಒಂದೂ ಗೊತ್ತಿಲ್ಲ. ಬದುಕುವ ಆಸೆಯನ್ನೇ ಬಿಟ್ಟೆವು ಎಂದು ಬರೆದಿದೆ. ಗಮನಿಸಿ, "ಬಿಟ್ಟರು" ಎಂದಿಲ್ಲ. ಬರೆದವನೂ ಅದೇ ಹಡಗಿನಲ್ಲಿದ್ದ.

ಊಟವಿಲ್ಲದೆ ಒದ್ದೆಯಾಗಿ ಕುಳಿತವರ ನಡುವೆ ಪೌಲ ಎದ್ದು ನಿಂತ. ಅವನ ಮೊದಲ ಮಾತು ಏನು ಗೊತ್ತೇ? "ನೀವು ನನ್ನ ಮಾತು ಕೇಳಬೇಕಿತ್ತು." ಅಪೊಸ್ತಲನಾದರೂ ಮನುಷ್ಯನೇ ತಾನೆ! ಆಮೇಲೆ ಹೇಳಿದ. "ಧೈರ್ಯವಾಗಿರಿ. ಹಡಗು ಹೋಗುತ್ತದೆ, ಜೀವ ಒಂದೂ ಹೋಗುವುದಿಲ್ಲ. ನಾನು ಯಾರವನೋ, ಯಾರನ್ನು ಸೇವಿಸುತ್ತೇನೋ, ಆ ದೇವರ ದೂತ ಈ ರಾತ್ರಿ ನನ್ನ ಬಳಿ ನಿಂತು ಹೇಳಿದ."

ನಾನು ಯಾರವನೋ. ಆ ಹಡಗಿನಲ್ಲಿ ಪೌಲನ ದೇಹ ರೋಮ್ ಸರ್ಕಾರದ್ದು. ಅವನ ಪ್ರಾಣ ಸೈನಿಕರ ಕತ್ತಿಯ ಕೆಳಗೆ. ದಿಕ್ಕು ಯಾರಿಗೂ ಗೊತ್ತಿಲ್ಲ. ಅಂಥ ಕಡೆ ನಿಂತು ತಾನು ದೇವರವನು ಎನ್ನುತ್ತಾನೆ.

ಹದಿನಾಲ್ಕನೆಯ ರಾತ್ರಿ. ನೆಲ ಹತ್ತಿರವಿದೆ ಎಂದು ನಾವಿಕರಿಗೆ ಅನ್ನಿಸಿತು. ಕತ್ತಲಲ್ಲಿ ತೂಕ ಕಟ್ಟಿದ ಹಗ್ಗ ಇಳಿಬಿಟ್ಟರು. 20 ಮಾರು, ಅಂದರೆ 36 ಮೀಟರಿನಷ್ಟು ಆಳ. ಇನ್ನೂ ಸ್ವಲ್ಪ ಮುಂದೆ ಹೋಗಿ ಮತ್ತೆ ಇಳಿಬಿಟ್ಟರು. 15 ಮಾರು. ಬಂಡೆಗೆ ಹೊಡೆದುಕೊಳ್ಳುವ ಭಯ. ಹಿಂಭಾಗದಿಂದ 4 ಲಂಗರು ಬಿಟ್ಟು, ಯಾವಾಗ ಬೆಳಗಾದೀತು ಎಂದು ಹಾರೈಸುತ್ತಾ ಕುಳಿತರು. ನಿದ್ದೆ ಇಲ್ಲದ ರಾತ್ರಿ ಕಳೆದವರಿಗೆ ಈ ಮಾತು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಪೌಲ ಏನು ಮಾಡಿದ? ರೊಟ್ಟಿ ತೆಗೆದುಕೊಂಡ. ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಮಾಡಿದ. ಮುರಿದು ತಿನ್ನತೊಡಗಿದ. ಅಷ್ಟೇ. ಗಾಳಿ ನಿಂತಿರಲಿಲ್ಲ. ಹಡಗು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಊಟಕ್ಕೆ ಮುಂಚೆ ಸ್ತೋತ್ರ. ಅದನ್ನು ನೋಡಿ ಉಳಿದವರೂ ತಿಂದರು. ಹಡಗಿನಲ್ಲಿ 276 ಜನ ಇದ್ದರು. ಎಷ್ಟು ಜನ ಎಂದು ಆ ಅಧ್ಯಾಯ ಹೇಳುವುದು ಊಟದ ಹೊತ್ತಿನಲ್ಲೇ. ನನಗೆ ಇದು ಬಹಳ ಇಷ್ಟ.

ಕೊನೆಗೆ ಲಂಗರುಗಳನ್ನೂ ಕಡಿದು ಸಮುದ್ರಕ್ಕೇ ಬಿಟ್ಟರು. ಹಡಗು ನೆಲಕ್ಕೆ ಸಿಕ್ಕಿ ಒಡೆಯಿತು. ಈಜು ಬಲ್ಲವರು ಈಜಿ, ಬಾರದವರು ಹಲಗೆ ಹಿಡಿದು ಮಾಲ್ಟಾ ದ್ವೀಪದ ದಡ ಸೇರಿದರು. ಒಬ್ಬರೂ ಸಾಯಲಿಲ್ಲ.

ಈಗ ಯಾರೋ ಕೇಳುತ್ತೀರಿ, "ಹಾಗಾದರೆ ನಂಬಿದವರ ಹಡಗು ಒಡೆಯುವುದಿಲ್ಲವಾ?" ಒಡೆಯಿತು ಅಂದೆನಲ್ಲ! ಪೌಲನದೇ ಒಡೆಯಿತು. ದಡ ಸೇರಿದ ಮೇಲೂ ಅವನು ಕೈದಿಯೇ. ರೋಮಿನಲ್ಲಿ ಇನ್ನೂ 2 ವರ್ಷ ಕಾವಲಿನಲ್ಲಿದ್ದ. ಒಬ್ಬ ಬಂಡೆಯ ಮೇಲೆ, ಇನ್ನೊಬ್ಬ ಮರಳಿನ ಮೇಲೆ ಮನೆ ಕಟ್ಟಿದ ಎಂದು ಯೇಸು ಹೇಳಿದ ಕಥೆಯಲ್ಲೂ ಅಷ್ಟೇ, ಮಳೆ ಎರಡೂ ಮನೆಗೆ ಸುರಿಯುತ್ತೆ. ಇದನ್ನು ಮುಚ್ಚಿಟ್ಟು "ನಂಬಿದರೆ ಎಲ್ಲಾ ಸಲೀಸು" ಎಂದು ಬೋಧಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಕಷ್ಟದಲ್ಲಿರುವವರು ಕೊನೆಗೆ ತಮ್ಮ ನಂಬಿಕೆಯೇ ಸಾಲದು ಎಂದು ಕೊರಗುತ್ತಾರೆ. ಹಾಗೆ ಕೊರಗಬೇಡಿ. ನೀವು ಯಾರವರು ಎಂಬುದು ನಿಮ್ಮ ಹಡಗಿನ ಗಟ್ಟಿತನದ ಮೇಲೆ ನಿಂತಿಲ್ಲ.

ಹೇಳಬೇಕಾದದ್ದು ಇನ್ನೂ ಇದೆ, ಸಮಯ ಇಲ್ಲ. ಬೇಗ ಹೇಳುತ್ತೇನೆ.

ಪ್ರವಾದಿ ಯೆರೆಮೀಯ. ಕ್ರಿ.ಪೂ. 587ರ ಸುಮಾರು. ಬಾಬಿಲೋನಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ, ಇವನು ಸೆರೆಯಲ್ಲಿದ್ದಾನೆ. ಆಗ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಹೊಲ ಕೊಂಡುಕೊಂಡ! ಸಾಕ್ಷಿ ಹಾಕಿಸಿ, ಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಈ ನಾಡಿನಲ್ಲಿ ಜನ ಮತ್ತೆ ಹೊಲ ಮನೆ ಕೊಳ್ಳುತ್ತಾರೆ ಎಂದು ದೇವರು ಹೇಳಿದ್ದ, ಅವನು ನಂಬಿದ. ನಂಬಿಕೆ ಕೈಯಲ್ಲಿ ಇಷ್ಟು ಕೆಲಸ ಮಾಡಿಸಬೇಕು. ಕಾಲ ಸರಿಹೋಗಲಿ, ಆಮೇಲೆ ಪ್ರಾರ್ಥನೆ, ಆಮೇಲೆ ಆರಾಧನೆ ಎಂದು ಕಾಯಬೇಡಿ.

ಬೆಳಿಗ್ಗೆ ಫೋನ್ ಮುಟ್ಟುವ ಮುಂಚೆ ಬೈಬಲಿನ ಒಂದು ಕೀರ್ತನೆ ಬಾಯಿಬಿಟ್ಟು ಓದಿ. 46ನೇ ಕೀರ್ತನೆಯಿಂದ ಶುರುಮಾಡಿ. ದೇವರ ಮೇಲೇ ಕೋಪ ಬಂದಿದೆ ಅನ್ನುವವರು 88ನ್ನು ಓದಿ. ಅದು ಕತ್ತಲೆಯಲ್ಲೇ ಮುಗಿಯುತ್ತೆ, ಸಮಾಧಾನದ ಒಂದು ಸಾಲೂ ಕೊನೆಯಲ್ಲಿಲ್ಲ. ಅದೂ ಪ್ರಾರ್ಥನೆಯೇ. ಊಟಕ್ಕೆ ಮುಂಚೆ ಸ್ತೋತ್ರ ಮಾಡಿ, ತಟ್ಟೆಯಲ್ಲಿ ಏನೇ ಇರಲಿ. ಭಾನುವಾರ ಸಭೆಗೆ ಹೋಗಿ. ಪ್ರಸಂಗ ಚೆನ್ನಾಗಿಲ್ಲ ಎನ್ನಬೇಡಿ, ನೀವು ಹೋಗುವುದು ಪ್ರಸಂಗಕ್ಕಷ್ಟೇ ಅಲ್ಲ. ಪೌಲ ತಿನ್ನುವುದನ್ನು ನೋಡಿ 275 ಜನ ತಿಂದರು. ನಿಮ್ಮನ್ನು ನೋಡಿ ಪಕ್ಕದ ಬೆಂಚಿನವರು ಧೈರ್ಯ ತಂದುಕೊಳ್ಳಬಹುದು.

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಮುಗಿಸಬೇಕಂತೆ. ನಾನು ಹೇಳಿದ ಹಡಗಿನ ಕಥೆ ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 27ನೇ ಅಧ್ಯಾಯದಲ್ಲಿದೆ. 44 ವಚನ, ಜಾಸ್ತಿ ಹೊತ್ತು ಬೇಕಾಗುವುದಿಲ್ಲ. ನಾವಿಕರು ದೋಣಿ ಇಳಿಸಿ ಓಡಿಹೋಗಲು ನೋಡಿದ ಭಾಗವನ್ನು ನಾನು ಬಿಟ್ಟಿದ್ದೇನೆ, ಅದನ್ನು ನೀವೇ ಓದಿಕೊಳ್ಳಿ. ನಮಸ್ಕಾರ.