ಮೆಟ್ಟುಗತ್ತಿ ಮರೆಯದ ಕೈ

ಕೇಳುಗರಿಗೆ ನಮಸ್ಕಾರ.

ನಮ್ಮಮ್ಮನಿಗೆ ಕೊನೆಯ ನಾಲ್ಕು ವರ್ಷ ಮರೆವಿನ ಕಾಯಿಲೆ ಇತ್ತು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳಿಗ್ಗೆ ಕಡುಬು ತಿಂದು ಕೈ ತೊಳೆದವಳೇ ನನ್ನ ಹೆಂಡತಿಯನ್ನು "ತಿಂಡಿ ಆಗ್ಲಿಲ್ವಾ ಕೂಸೇ?" ಎಂದು ಕೇಳುತ್ತಿದ್ದಳು. ಆದರೆ ಅಡಿಕೆ ಕೊಯ್ಲಿನ ದಿನ ಮೆಟ್ಟುಗತ್ತಿ ಮುಂದೆ ಕೂರಿಸಿದರೆ ಸಾಕು, ಸಿಪ್ಪೆ ಬಿಟ್ಟ ಹಸಿ ಅಡಿಕೆ ಒಂದೊಂದೇ ಬುಟ್ಟಿಗೆ ಬೀಳುತ್ತಿತ್ತು. ಹಣ್ಣಾದ ಗೋಟು ಸಿಕ್ಕರೆ ನೋಡದೆಯೇ ಆಚೆ ಇಡುತ್ತಿದ್ದಳು.

ಮಿದುಳಿನಲ್ಲಿ ಎಡಕ್ಕೊಂದು ಬಲಕ್ಕೊಂದು ಹಿಪೊಕ್ಯಾಂಪಸ್ ಎಂಬ ಪುಟ್ಟ ಭಾಗವಿದೆ. ಇವತ್ತು ನಡೆದದ್ದನ್ನು ನೆನಪಾಗಿ ಕಟ್ಟಿಕೊಡುವುದು ಅದು. ಅಲ್ಜೈಮರ್ ಕಾಯಿಲೆ ಬೇಗ ಕೈಹಾಕುವುದು ಅಲ್ಲಿಗೇ. ತೀರಿಕೊಂಡ ಹೆಂಗಸೊಬ್ಬರ ಮಿದುಳಿನಲ್ಲಿ ತಾನು ಕಂಡದ್ದನ್ನು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಜೈಮರ್ 1906ರಲ್ಲಿ ಹೇಳಿದರು: ಜೀವಕೋಶಗಳ ಹೊರಗೆ ಗಟ್ಟಿಗಟ್ಟಿದ ಕಲೆಗಳು, ಒಳಗೆ ಸಿಕ್ಕುಬಿದ್ದ ಎಳೆಗಳು. ಕೋಶ ಒಂದೇ ದಿನ ಸಾಯುವುದಿಲ್ಲ. ಮೊದಲು ನೆರೆಯ ಕೋಶದ ಜೊತೆಗಿನ ಕೊಂಡಿ ಕಳಚುತ್ತದೆ, ವರ್ಷಗಳಾದ ಮೇಲೆ ಕೋಶವೇ ಹೋಗುತ್ತದೆ. ಕೈಗೆ ಹತ್ತಿದ ಕೆಲಸವನ್ನು ಕಾಯುವ ಭಾಗಗಳು ಬೇರೆ. ಕಾಯಿಲೆ ಅಲ್ಲಿಗೆ ತಡವಾಗಿ ತಲುಪುತ್ತದೆ. ಅಮ್ಮನ ಕೈ ಉಳಿದದ್ದು ಹಾಗೆ.

ಸಾವಿನ ಹೊತ್ತಿನಲ್ಲಿ ಇದೇ ನಾಶ ನಿಮಿಷಗಳ ಲೆಕ್ಕಕ್ಕೆ ಬರುತ್ತದೆ. ಮೈತೂಕದಲ್ಲಿ ಮಿದುಳಿನದು ಸುಮಾರು ಶೇ. 2, ಉಸಿರಿನ ಆಮ್ಲಜನಕದಲ್ಲಿ ಅದರ ಪಾಲು ಶೇ. 20. ಕೂಡಿಟ್ಟದ್ದು ಏನೂ ಇಲ್ಲ. ಗುಂಡಿಗೆ ನಿಂತು ಹತ್ತಿಪ್ಪತ್ತು ಸೆಕೆಂಡಿನಲ್ಲಿ ಎಚ್ಚರ ತಪ್ಪುತ್ತದೆ, ನಾಲ್ಕೈದು ನಿಮಿಷದಲ್ಲಿ ಹಾನಿ ಶುರು. ಸೋಡಿಯಂ ಹೊರಹಾಕುತ್ತಿದ್ದ ಕೋಶದ ಪಂಪು ನಿಂತು, ನೀರು ನುಗ್ಗಿ, ಕೋಶ ಊದಿಕೊಳ್ಳುತ್ತದೆ. ಆಮೇಲೆ ತನ್ನದೇ ಕಿಣ್ವಗಳು ತನ್ನನ್ನೇ ಕರಗಿಸುತ್ತವೆ. ಇಲ್ಲೂ ಬೇಗ ಸೋಲುವುದರಲ್ಲಿ ಹಿಪೊಕ್ಯಾಂಪಸ್ ಒಂದು! ಹಾಗಂತ ಎಲ್ಲವೂ ಒಟ್ಟಿಗೆ ಆರುವುದಿಲ್ಲ. ಸತ್ತು ನಾಲ್ಕು ಗಂಟೆಯಾದ ಹಂದಿಗಳ ಮಿದುಳಿಗೆ ವಿಶೇಷ ದ್ರವ ಹರಿಸಿದಾಗ ಕೋಶಗಳ ಕೆಲವು ಕೆಲಸ ಮರಳಿದ್ದನ್ನು ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 2019ರಲ್ಲಿ ತೋರಿಸಿದರು. ಅರಿವು ಮಾತ್ರ ಮರಳಲಿಲ್ಲ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳು ಬ್ಯಾಂಕ್ ಇದೆ. ತೀರಿಕೊಂಡವರ ಮಿದುಳನ್ನು ಮನೆಯವರ ಒಪ್ಪಿಗೆಯಿಂದ ಸಂಶೋಧನೆಗೆ ಪಡೆಯುತ್ತಾರೆ. ಕೋಶ ಕರಗುವುದು ಕಾಯುವುದಿಲ್ಲವಾದ್ದರಿಂದ ಅದು ಬೇಗ ಆಗಬೇಕು. ನಮ್ಮ ಮನೆಗೆ ಈ ವಿಷಯ ತಿಳಿದದ್ದು ಅಮ್ಮನ ವೈಕುಂಠ ಸಮಾರಾಧನೆ ಮುಗಿದ ಮೇಲೆ. ಆ ಸಂಕಟ ಇನ್ನೂ ಹೋಗಿಲ್ಲ. ನನ್ನ ಸರದಿ ಬಂದಾಗ ನೆಂಟರಿಗೆ ಆಮೇಲೆ ಹೇಳಿ, ಬೆಂಗಳೂರಿಗೆ ಮೊದಲು ಫೋನ್ ಮಾಡಿ ಎಂದು ಮಕ್ಕಳಿಗೆ ಹೇಳಿಟ್ಟಿದ್ದೇನೆ.