ಬದುವಿಗೊಂದು ಕೋರ್ಟು

ಕೇಳುಗರೆಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳ್ಳಿ ಅಂದ ಕೂಡಲೇ ಕ್ಯಾಲೆಂಡರಿನ ಚಿತ್ರ ಕಣ್ಣಿಗೆ ಬರುತ್ತದೆ. ಕಲ್ಲಿನ ಮನೆ, ಬಾಗಿಲ ಮೇಲೆ ಹಬ್ಬಿದ ಗುಲಾಬಿ ಬಳ್ಳಿ, ಪಕ್ಕದಲ್ಲಿ ಸಣ್ಣ ಹೊಳೆ. ಇವತ್ತು ನಾನು ಹೇಳಹೊರಟ ಊರಿಗೆ ಅಂಥ ಅಂದವೇನೂ ಇಲ್ಲ. ಊರಿನ ಹೆಸರು ಲ್ಯಾಕ್ಸ್‌ಟನ್, ಜಿಲ್ಲೆ ನಾಟಿಂಗ್‌ಹ್ಯಾಮ್‌ಶೈರ್. ಕೆಂಪು ಇಟ್ಟಿಗೆಯ ಮನೆಗಳು, ಹೆಂಚಿನ ಮಾಡು, ಒಂದು ಹಳೆಯ ಚರ್ಚು, ಒಂದು ಪಬ್ಬು. ನಾರ್ಮನ್ನರ ಕಾಲದ ಕೋಟೆಯ ಮಣ್ಣಿನ ದಿಬ್ಬ ಇದೆ, ಕೋಟೆ ಇಲ್ಲ. ಇಲ್ಲಿ ನೋಡಬೇಕಾದ್ದು ಹೊಲಗಳನ್ನು.

ಹಿಂದೆ ಇಂಗ್ಲೆಂಡಿನ ನಡುನಾಡಿನಲ್ಲೆಲ್ಲ ಊರ ಸುತ್ತ ಎರಡೋ ಮೂರೋ ದೊಡ್ಡ ಬಯಲುಗಳಿರುತ್ತಿದ್ದವು. ಒಳಗೆ ಬೇಲಿ ಇಲ್ಲ, ಬರೀ ಉದ್ದುದ್ದ ಪಟ್ಟಿಗಳು. ಒಬ್ಬ ರೈತನ ಪಟ್ಟಿಗಳು ಇಲ್ಲೊಂದು, ಅಲ್ಲೊಂದು ಚದುರಿರುತ್ತಿದ್ದವು. ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಎರಡೂ ಎಲ್ಲರಿಗೂ ಅಷ್ಟಿಷ್ಟು ಸಿಗಲಿ ಅಂತ. ಒಂದು ಬಯಲಿಗೆ ಗೋಧಿ, ಇನ್ನೊಂದಕ್ಕೆ ಬಾರ್ಲಿಯೋ ಬಟಾಣಿಯೋ, ಮೂರನೆಯದು ಬೀಳು. ಮರುವರ್ಷ ಸರದಿ ಬದಲು. ಬೀಳು ಬಿಟ್ಟ ಬಯಲಿನಲ್ಲಿ ಊರಿನವರ ದನ, ಕುರಿ ಒಟ್ಟಿಗೆ ಮೇಯುತ್ತಿದ್ದವು. ನನ್ನ ಹೊಲ, ನನ್ನಿಷ್ಟ ಅನ್ನುವಂತಿರಲಿಲ್ಲ.

ಆಮೇಲೆ 18 ಮತ್ತು 19ನೇ ಶತಮಾನಗಳಲ್ಲಿ ಪಾರ್ಲಿಮೆಂಟು ಊರೂರಿಗೂ ಕಾಯ್ದೆ ಮಾಡಿ ಈ ಬಯಲುಗಳನ್ನು ತುಂಡು ಮಾಡಿತು. ಬೇಲಿ ಬಂತು. ದೊಡ್ಡವರ ಜಮೀನು ಒಂದೆಡೆ ಸೇರಿತು. ಎಷ್ಟೋ ಬಡವರು ಮೇವಿನ ಹಕ್ಕು ಕಳೆದುಕೊಂಡು ಕೂಲಿಗೆ ನಿಂತರು. ಲ್ಯಾಕ್ಸ್‌ಟನ್ ಹೇಗೆ ಉಳಿಯಿತು? ಪರಂಪರೆ ಕಾಪಾಡಬೇಕು ಅಂತ ಯಾರೂ ಪಣ ತೊಟ್ಟಿರಲಿಲ್ಲ. ಊರಿನ ಭೂಮಿ ಹೆಚ್ಚಾಗಿ ಇಬ್ಬರು ಜಮೀನುದಾರರ ಕೈಯಲ್ಲಿತ್ತು. ಹೇಗೆ ಹಂಚಿಕೊಳ್ಳಬೇಕು ಅನ್ನುವುದರಲ್ಲಿ ಅವರಿಗೆ ಒಮ್ಮತ ಆಗಲಿಲ್ಲ, ಅಷ್ಟೇ! ಕೆಲವು ಸಲ ಜಗಳವೂ ಒಳ್ಳೆಯದೇ ಮಾಡುತ್ತದೆ, ಅಲ್ವಾ?

ಹಾಗಾಗಿ ಮೂರು ಬಯಲುಗಳು ಇವತ್ತಿಗೂ ಇವೆ. ವೆಸ್ಟ್ ಫೀಲ್ಡ್, ಸೌತ್ ಫೀಲ್ಡ್, ಮಿಲ್ ಫೀಲ್ಡ್. 20ನೇ ಶತಮಾನದ ಆರಂಭದಲ್ಲಿ ಸಣ್ಣ ಪಟ್ಟಿಗಳನ್ನು ಜೋಡಿಸಿ ಅಗಲ ಮಾಡಿದರು. ಸರದಿ ಮಾತ್ರ ಅದೇ. ಪಟ್ಟಿಗಳು ಹಿಂದೆ ಹೇಗಿದ್ದವು ಅಂತ ನೋಡಬೇಕಾದರೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಗೆ ಹೋಗಬೇಕು. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬಾತ ಬಿಡಿಸಿದ ಊರಿನ ನಕ್ಷೆ ಅಲ್ಲಿದೆ. ನಕ್ಷೆಯ ಮೇಲೆ ಉಳುವವರು, ಕೊಯ್ಯುವವರೂ ಪುಟ್ಟ ಪುಟ್ಟದಾಗಿ ಕಾಣುತ್ತಾರೆ.

ಇನ್ನು ನನಗೆ ತುಂಬಾ ಇಷ್ಟವಾದ ಸಂಗತಿ. ಈ ಊರಿಗೆ ತನ್ನದೇ ಒಂದು ಕೋರ್ಟು ಇದೆ. ಕೋರ್ಟ್ ಲೀಟ್ ಅಂತ ಅದರ ಹೆಸರು. ನವೆಂಬರ್ ಕೊನೆಗೆ, ಗೋಧಿ ಬಿತ್ತಿದ ಮೇಲೆ, ಊರಿನ ರೈತರೇ ಜ್ಯೂರಿಗಳಾಗಿ ಹೊಲ ನೋಡಲು ಹೊರಡುತ್ತಾರೆ. ಟ್ರಾಕ್ಟರಿನ ಟ್ರೇಲರ್ ಹತ್ತಿಕೊಂಡು, ಚಳಿಯಲ್ಲಿ, ಕೆಸರಿನಲ್ಲಿ. ಗಡಿ ಅಳಿಸಿದ್ದರೆ ಗೂಟ ಹೊಡೆಯುತ್ತಾರೆ. ಯಾರಾದರೂ ದಾರಿಯನ್ನೋ ಹುಲ್ಲುಪಟ್ಟಿಯನ್ನೋ ಒಂದಿಷ್ಟು ಒತ್ತಿ ಉತ್ತಿದ್ದರೆ ಬರೆದುಕೊಳ್ಳುತ್ತಾರೆ. ತಪ್ಪು ಮಾಡಿದವನು ಆ ಟ್ರೇಲರಿನಲ್ಲೇ ಜ್ಯೂರಿಯಾಗಿ ಕುಳಿತಿದ್ದರೂ ಬಿಡುವುದಿಲ್ಲ. ಆಮೇಲೆ ಎಲ್ಲರೂ ಡವ್‌ಕೋಟ್ ಇನ್ ಎಂಬ ಪಬ್ಬಿಗೆ ಹೋಗಿ ಊಟ ಮಾಡುತ್ತಾರೆ. ಒಂದು ವಾರದ ನಂತರ ಕೋರ್ಟು ಸೇರಿದಾಗ ದಂಡ. ಮೊತ್ತ ದೊಡ್ಡದಲ್ಲ. ಆದರೆ ಅಕ್ಕಪಕ್ಕದವರ ಎದುರು ಹೆಸರು ಕೂಗಿಸಿಕೊಳ್ಳುವುದು ಯಾರಿಗೆ ಬೇಕು? ಬದು ಒತ್ತಿದ್ದಕ್ಕೆ ಅಣ್ಣತಮ್ಮಂದಿರು ಇಪ್ಪತ್ತು ವರ್ಷ ಕೋರ್ಟಿಗೆ ಅಲೆಯುವುದನ್ನು ನೋಡಿದ ನಮಗೆ ಇದರ ಬೆಲೆ ಬೇಗ ಅರ್ಥವಾಗುತ್ತದೆ.

ಇದು ಸುಮ್ನೆ ಪ್ರವಾಸಿಗರಿಗೆ ತೋರಿಸುವ ನಾಟಕ ಅಂದುಕೊಳ್ಳಬೇಡಿ. 1977ರಲ್ಲಿ ಬ್ರಿಟನ್ನಿನ ಕಾನೂನು ಇಂಥ ಹಳೆಯ ಕೋರ್ಟುಗಳ ಅಧಿಕಾರವನ್ನು ತೆಗೆದುಹಾಕಿದಾಗಲೂ ಲ್ಯಾಕ್ಸ್‌ಟನ್ನಿನದನ್ನು ಹಾಗೇ ಬಿಟ್ಟಿತು.

ಊರಿನ ಬೀದಿಯಲ್ಲೂ ಈ ಬೇಸಾಯದ ಗುರುತು ಕಾಣುತ್ತದೆ. ಬೇರೆ ಕಡೆ ಬೇಲಿ ಬಂದ ಮೇಲೆ ಎಷ್ಟೋ ರೈತರು ತಂತಮ್ಮ ಹೊಲದ ನಡುವೆ ಮನೆ ಕಟ್ಟಿಕೊಂಡು ದೂರ ಹೋದರು. ಇಲ್ಲಿ ಹೊಲ ಮೂರು ದಿಕ್ಕಿಗೆ ಹಂಚಿಹೋಗಿತ್ತು. ಹಾಗಾಗಿ ಊರೊಳಗೇ ಉಳಿದರು. ಇವತ್ತಿಗೂ ರೈತರ ಮನೆಗಳು ಬೀದಿಗೆ ಅಂಟಿಕೊಂಡಿವೆ.

ಯಜಮಾನರು ಬದಲಾಗುತ್ತಲೇ ಇದ್ದಾರೆ. 1952ರಲ್ಲಿ ಊರಿನ ಜಮೀನನ್ನು ಅಲ್ಲಿನ ಜಮೀನುದಾರರಾಗಿದ್ದ ಮ್ಯಾನ್ವರ್ಸ್ ಪ್ರಭುಗಳಿಂದ ಸರ್ಕಾರದ ಕೃಷಿ ಇಲಾಖೆ ಕೊಂಡಿತು. 1981ರಲ್ಲಿ ಅದು ರಾಜಪಟ್ಟಕ್ಕೆ ಸೇರಿದ ಆಸ್ತಿ ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಎಂಬ ಸಂಸ್ಥೆಗೆ ಹೋಯಿತು. 2020ರಲ್ಲಿ ಮತ್ತೆ ಮ್ಯಾನ್ವರ್ಸ್ ವಂಶದವರ ಥೋರ್ಸ್‌ಬಿ ಎಸ್ಟೇಟಿಗೇ ಬಂತು. ಯಜಮಾನರಿಗಿಂತ ನನಗೆ ರೈತರದೇ ಜಾಸ್ತಿ ಚಿಂತೆ. ದೊಡ್ಡ ಯಂತ್ರಗಳ ಕಾಲದಲ್ಲಿ ಚದುರಿದ ಪಟ್ಟಿಗಳನ್ನು ಉಳುವುದಕ್ಕೆ ಡೀಸೆಲ್ಲೂ ಸಮಯವೂ ಹೆಚ್ಚು ಬೇಕು. ಬೇಸಾಯ ನಿಂತರೆ ಆ ಕೋರ್ಟಿಗೆ ಕೆಲಸವೇ ಇರುವುದಿಲ್ಲ.

ನಿಮ್ಮ ಮಕ್ಕಳೋ ನೆಂಟರೋ ಆ ಕಡೆ ಇದ್ದರೆ, ಲಂಡನ್ ನೋಡಿದ ಮೇಲೆ ಒಂದು ದಿನ ಇಲ್ಲಿಗೆ ಕರೆದುಕೊಂಡು ಹೋಗಲು ಹೇಳಿ. ಪಬ್ಬಿನ ಅಂಗಳದಲ್ಲೇ ಮಾಹಿತಿ ಕೇಂದ್ರ ಇದೆ. ಬೇಸಿಗೆಯಲ್ಲಿ ಹೋದರೆ, ಉಳದೆ ಬಿಟ್ಟ ಹುಲ್ಲುಪಟ್ಟಿಗಳ ತುಂಬ ಕಾಡುಹೂವು. ನವೆಂಬರಿನಲ್ಲಾದರೆ ಕಾಲಿಗೆ ಬೂಟು ಮರೆಯಬೇಡಿ.

ನಮಸ್ಕಾರ.