ಎಐಗೆ ಗುಂಟೆ ಲೆಕ್ಕ ಹೇಳಿಕೊಡಬೇಕು

ಕೇಳುಗರೆಲ್ಲರಿಗೂ ನಮಸ್ಕಾರ.

ಕೇಳಿದ್ದಕ್ಕೆ ಉತ್ತರ ಬರೆದುಕೊಡುವ ಎಐ (ಕೃತಕ ಬುದ್ಧಿಮತ್ತೆ) ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಈಗ ರಾಯಚೂರು, ಮಾನ್ವಿ, ಸಿಂಧನೂರು ಕಡೆಯೂ ಅರ್ಜಿ ಬರೆಯುವವರು, ಅಡತ್ ಅಂಗಡಿಯ ಲೆಕ್ಕ ನೋಡುವವರು, ವಕೀಲರು ಇಂಥ ಎಐ ಬಳಸುತ್ತಿದ್ದಾರೆ. ರೈತರಿಗೆ ಅರ್ಜಿ, ವರದಿ ಸಿದ್ಧ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಎಐಗೆ ಹೇಗೆ ಹೇಳಿ ಕೆಲಸ ಮಾಡಿಸಿಕೊಳ್ಳಬೇಕು ಎಂಬ ಮಾತು ನನಗೆ ಬಹಳ ಹತ್ತಿರದ್ದು.

"ಕಾಲುವೆಗೆ ನೀರು ಬಿಡಿ ಅಂತ ಒಂದು ಪತ್ರ ಬರೆದುಕೊಡು" ಎಂದು ಕೇಳಿ ನೋಡಿ. ಪತ್ರ ಬರುತ್ತದೆ, ಓದಲು ಚೆನ್ನಾಗಿಯೂ ಇರುತ್ತದೆ. ಆದರೆ ಅದೇ ಪತ್ರವನ್ನು ಮಂಡ್ಯದವರೂ ಕೊಡಬಹುದು, ವಿಜಯಪುರದವರೂ ಕೊಡಬಹುದು. ನಮ್ಮೂರಿನ ಕಷ್ಟ ಅದರಲ್ಲಿ ಇರುವುದಿಲ್ಲ. ನಾವು ಹೇಳಿಲ್ಲವಲ್ಲ!

ಅದನ್ನೇ ಹೀಗೆ ಕೇಳಬೇಕು. "ನಾವು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರು. ಭತ್ತ ತೆನೆ ಕಟ್ಟುವ ಹಂತದಲ್ಲಿದೆ. ನಮ್ಮ ಉಪಕಾಲುವೆಗೆ ಇಂಥ ದಿನದಿಂದ ನೀರು ಬಂದಿಲ್ಲ. ಪತ್ರ ಕಾರ್ಯನಿರ್ವಾಹಕ ಎಂಜಿನಿಯರ್‌ಗೆ. ಒಂದು ಪುಟ ಮೀರಬಾರದು. ನಾನು ಕೊಡದ ಅಂಕಿ ಯಾವುದನ್ನೂ ಸೇರಿಸಬೇಡ. ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡು."

ಕೊನೆಯ ಎರಡು ಮಾತು ಇವೆಯಲ್ಲ, ಅವನ್ನು ಯಾವತ್ತೂ ಬಿಡಬೇಡಿ. ಈ ಉಪಕರಣ ಒಂದು ಪದದ ಮುಂದೆ ಯಾವ ಪದ ಬರಬಹುದು ಎಂದು ಅಂದಾಜು ಮಾಡುತ್ತಾ ಬರೆಯುತ್ತದೆ. ವಿಷಯ ಗೊತ್ತಿಲ್ಲದ ಕಡೆ ನಿಜದಂತೆ ಕಾಣುವ ಏನನ್ನೋ ತುಂಬಿಬಿಡುತ್ತದೆ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರು ಒಂದು ವಿಮಾನ ಕಂಪನಿ ಮೇಲಿನ ಕೇಸಿನಲ್ಲಿ ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಸಲ್ಲಿಸಿದರು. ಅಂಥ ತೀರ್ಪುಗಳೇ ಇರಲಿಲ್ಲ. 5000 ಡಾಲರ್ ದಂಡ ಬಿತ್ತು. "ಇವು ನಿಜವಾದ ಕೇಸುಗಳೇನಾ" ಎಂದು ಅವರು ಚಾಟ್‌ಜಿಪಿಟಿಯನ್ನೇ ಕೇಳಿದ್ದರು. ಅದು ಹೌದು ಎಂದಿತ್ತು. ಬರೆದುಕೊಟ್ಟಿದ್ದನ್ನೇ ಸಾಕ್ಷಿ ಕೇಳಿದರೆ ಪರೀಕ್ಷೆ ಆದಂತಾಗುವುದಿಲ್ಲ. ಪಹಣಿ, ರಸೀದಿ, ಆದೇಶದ ಪ್ರತಿ, ಇವನ್ನು ಕೈಯಲ್ಲಿ ಹಿಡಿದು ನಾವೇ ನೋಡಬೇಕು.

ಇನ್ನು ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಪೆಟ್ಟು ಬೀಳುವುದು ರೈತನಿಗೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ನಾವು 2.20 ಎಂದು ಬರೆದುಕೊಳ್ಳುತ್ತೇವೆ. ಒಂದು ಎಕರೆ ಮೂವತ್ತು ಗುಂಟೆಗೆ 1.30. ಎರಡನ್ನೂ ಕೂಡಿಸು ಅಂತ ಸುಮ್ನೆ ಕೊಟ್ಟರೆ 3.50 ಅಂತ ಬರಬಹುದು. ಅದನ್ನು ಮೂರೂವರೆ ಎಕರೆ ಎಂದು ವರದಿಯಲ್ಲಿ ಬರೆದರೆ ಏನಾಯಿತು? ಎಕರೆಗೆ 40 ಗುಂಟೆ. ಸರಿಯಾದ ಮೊತ್ತ ನಾಲ್ಕು ಎಕರೆ ಹತ್ತು ಗುಂಟೆ. ಮೂವತ್ತು ಗುಂಟೆ ಹೊಲ ಕಾಗದದಲ್ಲೇ ಹೋಯಿತು. ಬೀಜ, ಗೊಬ್ಬರ, ಬೆಳೆ ವಿಮೆ, ಎಲ್ಲವೂ ಆ ತಪ್ಪು ಅಂಕಿಯ ಮೇಲೆ ನಿಲ್ಲುತ್ತವೆ. "ಚುಕ್ಕೆಯ ನಂತರ ಇರುವುದು ಗುಂಟೆ, ಎಕರೆಗೆ 40 ಗುಂಟೆ, ಲೆಕ್ಕ ಮಾಡಿದ ರೀತಿಯನ್ನೂ ತೋರಿಸು" ಎಂದು ಮೊದಲೇ ಹೇಳಿ. ರೀತಿ ಕಣ್ಣಿಗೆ ಬಿದ್ದರೆ ತಪ್ಪೂ ಬೀಳುತ್ತದೆ.

ಭತ್ತದ ದರವೂ ಹಾಗೆಯೇ. ನಮ್ಮಲ್ಲಿ 75 ಕೆಜಿ ಚೀಲದ ಮೇಲೆ ಮಾತಾಡುತ್ತೇವೆ. ಬೆಂಬಲ ಬೆಲೆ ಇರುವುದು ಕ್ವಿಂಟಲ್‌ಗೆ. ಚೀಲಕ್ಕೆ 1500 ರೂಪಾಯಿ ಅಂದರೆ ಕ್ವಿಂಟಲ್‌ಗೆ 2000. ಚೀಲ ಎಷ್ಟು ಕೆಜಿಯದು ಎಂದು ಹೇಳದೆ ಎರಡು ದರ ಹೋಲಿಸಿ ಎಂದರೆ ಉತ್ತರ ಯಾವ ಕೆಲಸಕ್ಕೂ ಬಾರದು.

ಕನ್ನಡ ಟೈಪಿಂಗ್ ತಂತ್ರಾಂಶ 'ನುಡಿ'ಯಲ್ಲಿ ಟೈಪ್ ಮಾಡಿದ ಹಳೆಯ ಫೈಲುಗಳ ಬಗ್ಗೆಯೂ ಒಂದು ಮಾತು. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಹಾಗೇ ಅಂಟಿಸಿದರೆ ಎಐಗೆ ಅರ್ಥವಾಗುವುದು ಕಷ್ಟ. ಮೊದಲು ಯೂನಿಕೋಡ್‌ಗೆ, ಅಂದರೆ ಕನ್ನಡ ಅಕ್ಷರಕ್ಕೆ ಅದರದೇ ಸಂಕೇತ ಇರುವ ರೂಪಕ್ಕೆ, ಬದಲಾಯಿಸಿಕೊಳ್ಳಿ.

ಮೊದಲ ಉತ್ತರ ಸರಿ ಇಲ್ಲ ಎಂದು ಬಿಟ್ಟುಬಿಡುವವರು ಜಾಸ್ತಿ. ಬಿಡಬೇಡಿ. "ಎರಡನೇ ಪ್ಯಾರಾ ಉದ್ದವಾಯಿತು, ಭಾಷೆ ನಮ್ಮ ರೈತರಿಗೆ ತಿಳಿಯುವಂತಿರಲಿ" ಎಂದು ಎಲ್ಲಿ ತಪ್ಪಿದೆಯೋ ಅಲ್ಲಿ ತಿದ್ದಿಸಿ. ನಮ್ಮ ಕಡೆಯ ಒಳ್ಳೆಯ ಹಳೆಯ ಪತ್ರವೊಂದನ್ನು ಮಾದರಿಯಾಗಿ ಕೊಟ್ಟರೆ ಇನ್ನೂ ಒಳ್ಳೆಯದು.

ಆದರೆ ಆ ಪತ್ರದಲ್ಲಿ ಆಧಾರ್ ನಂಬರ್, ಬ್ಯಾಂಕ್ ಖಾತೆ, ಫೋನ್ ನಂಬರ್ ಇದ್ದರೆ ಮೊದಲು ತೆಗೆಯಿರಿ. ನಮ್ಮನ್ನು ನಂಬಿ ರೈತರು ಕಾಗದ ಕೊಟ್ಟಿರುತ್ತಾರೆ, ಅಲ್ವಾ? ಹೆಸರಿನ ಜಾಗದಲ್ಲಿ ರೈತ 1, ರೈತ 2 ಎಂದು ಬರೆಯಿರಿ. ಲೆಕ್ಕದಲ್ಲಿ ಏನೂ ವ್ಯತ್ಯಾಸ ಆಗುವುದಿಲ್ಲ. ಹೆಸರು, ನಂಬರ್‌ಗಳನ್ನು ಕೊನೆಗೆ ನಿಮ್ಮ ಕೈಯಿಂದಲೇ ತುಂಬಿಕೊಳ್ಳಿ.

ನಮಸ್ಕಾರ.